ಕುರ್ಚಿ ಬಿಡದ ಮಂತ್ರಿ

ಮೆರವಣಿಗೆ ಸರ್ಕಲ್‌ನಲ್ಲೇ ನಿಂತುಬಿಟ್ಟಿತು. ಇಲ್ಲಿ ನಿಲ್ಲುವ ಮಾತೇ ಇರಲಿಲ್ಲ. ಸೇತುವೆ ದಾಟಿ, ಆಚೆ ದಡದ ಮೈದಾನದಲ್ಲಿ ಗಂಟೆಗಟ್ಟಲೆ ಭಾಷಣ ಬಿಗಿದು, ಆಮೇಲೆ ಮಂತ್ರಿಯ ಪ್ರತಿಕೃತಿಗೆ ಬೆಂಕಿ ಇಡುವುದೆಂದು ನಿನ್ನೆಯೇ ತೀರ್ಮಾನವಾಗಿತ್ತು.

ದರ್ಜಿ ಜನರನ್ನು ನೂಕಿಕೊಂಡು ಮುಂದೆ ಹೋದ. ಹೋರಾಟ ಸಮಿತಿಯ ಅಧ್ಯಕ್ಷ, ಊರವರ ಬಾಯಲ್ಲಿ ಮೈಕಾಸುರ, ನಿಂತು ತಲೆ ಬಾಚಿಕೊಳ್ಳುತ್ತಿದ್ದ. ಟಿವಿಯವರು ಬಂದಿದ್ದಾರೆ, ನಾಲ್ಕು ಗಂಟೆಗೆ ಅವರು ಬೇರೆ ಊರು ಸೇರಬೇಕಂತೆ, ಇಲ್ಲೇ ಸುಟ್ಟು ಮುಗಿಸೋಣ ಎಂದ. ಬೇಡ, ಸೇತುವೆ ದಾಟೋಣ ಎಂದು ದರ್ಜಿ ಗೋಗರೆದರೆ, ನಿನಗ್ಯಾಕಯ್ಯಾ ಆ ಚಿಂತೆ ಎಂದು ಬಾಚಣಿಗೆ ಜೇಬಿಗಿಳಿಸಿದ. ಅವನಿಗೆ ಗುಟ್ಟು ಹೇಳುವುದೂ ಒಂದೇ, ಮೈಕಿನಲ್ಲಿ ಸಾರುವುದೂ ಒಂದೇ.

ಹೋರಾಟದ ಕಾರಣವೇನೋ ನ್ಯಾಯವಾದದ್ದೇ. ಊರಿನ ಶಾಸಕ ಪಕ್ಷ ಬದಲಿಸಿ ಮಂತ್ರಿಯಾದ ಮರುವಾರವೇ, ಊರಿಗೆ ಮಂಜೂರಾಗಿದ್ದ ಆಸ್ಪತ್ರೆಯನ್ನು ಮಾವನ ಊರಿಗೆ ಹಾರಿಸಿಕೊಂಡು ಹೋಗಿದ್ದ. ಮೂರು ದಿನದ ಹಿಂದೆ ಅವನ ಕಾರಿಗೆ ಕಲ್ಲು ಬಿತ್ತು. ಯಾರೋ ತೆಗೆದ ಫೋಟೊದಲ್ಲಿ ದರ್ಜಿಯ ಮಗ ಕೈ ಎತ್ತಿದ್ದ. ಕಲ್ಲು ಎಸೆಯಲೋ, ಧಿಕ್ಕಾರ ಕೂಗಲೋ, ಫೋಟೊ ಹೇಳುವುದಿಲ್ಲ. ಪೊಲೀಸರಿಗೆ ಅಷ್ಟೇ ಸಾಕಾಯಿತು. ಅದೇ ಫೋಟೊದಲ್ಲಿ ಪಕ್ಕಕ್ಕಿದ್ದ ಗೆಳೆಯ ಠಾಣೆಗೆ ನಡೆದುಕೊಂಡು ಹೋದವನು ಮರುದಿನ ಹೆಣವಾಗಿ ಮನೆಗೆ ಬಂದ. ಎದೆನೋವಂತೆ. ಇಪ್ಪತ್ತೊಂದನೇ ವಯಸ್ಸಿಗೆ ಎದೆನೋವು!

ಹಾಗಾಗಿ ಮಗನನ್ನು ಇವತ್ತು ಸೇತುವೆ ದಾಟಿಸಲೇಬೇಕಿತ್ತು. ಆಚೆ ಬದಿಯಲ್ಲಿ ಭಾವಮೈದ ಗೂಡ್ಸ್ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಈಚೆ ಬದಿಯಲ್ಲಿ ಪೊಲೀಸರು ಸೈಕಲ್ಲನ್ನೂ ಬಿಡದೆ ತಡೆದು ನೋಡುತ್ತಿದ್ದರು. ಮೆರವಣಿಗೆಯನ್ನು ತಡೆಯಲು ಮಾತ್ರ ಅಪ್ಪಣೆ ಇರಲಿಲ್ಲ. ಆ ಗದ್ದಲದಲ್ಲೇ ಅವನನ್ನು ದಾಟಿಸುವುದೆಂದು ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಮಾತಾಡಿಕೊಂಡಿದ್ದರು. ಏನೇ ಆದರೂ ಮೆರವಣಿಗೆ ಬಿಟ್ಟು ಬರಬೇಡಿ ಎಂದು ಅವಳು ಹತ್ತು ಸಲ ಹೇಳಿ ಕಳಿಸಿದ್ದಳು.

ತಳ್ಳುಗಾಡಿಯ ಮೇಲೆ ಮಂತ್ರಿ ಕುರ್ಚಿಯಲ್ಲಿ ವಿರಾಜಮಾನನಾಗಿದ್ದ. ಪ್ರತಿಕೃತಿ ಮಾಡುವುದರಲ್ಲಿ ದರ್ಜಿಯದು ಪಳಗಿದ ಕೈ. ಯಾವ ಪಕ್ಷದವರು ಯಾರನ್ನು ಸುಟ್ಟರೂ ಹೊಲಿದವನು ಇವನೇ. ಪ್ರತಿ ಸಲವೂ ಎರಡು ಮಾಡುವುದು ವಾಡಿಕೆ. ಒಂದನ್ನು ಪೊಲೀಸರು ಕಿತ್ತುಕೊಂಡರೆ ಇನ್ನೊಂದಿರಲಿ ಎಂದು. ಎರಡನೆಯದು ಬೆಳಿಗ್ಗೆಯೇ ಭಾವಮೈದನ ಗಾಡಿಯಲ್ಲಿ ಆಚೆ ದಡ ಸೇರಿತ್ತು. ಇದು ಮಾತ್ರ ಹೊಸ ನಮೂನೆ: ಕೋಟು, ಕೈಗವಸು, ಕಾಗದದ ಮುಖ, ಕುತ್ತಿಗೆಯವರೆಗೂ ಜೋಡಿ ದಾರದ ಹೊಲಿಗೆ, ಕುರ್ಚಿಗೆ ಬಿಗಿದ ಹಗ್ಗ. ಕುರ್ಚಿ ಬಿಡದವನಲ್ಲವೇ, ಅದಕ್ಕೇ ಹೀಗೆ ಎಂದಾಗ ಮೈಕಾಸುರ ಬಿದ್ದು ಬಿದ್ದು ನಕ್ಕಿದ್ದ.

ಈಗ ಮೈಕಾಸುರನ ಶಿಷ್ಯನೊಬ್ಬ ಸೀಮೆಎಣ್ಣೆಯ ಡಬ್ಬ ತಂದಿಟ್ಟ. ದರ್ಜಿ ಸೀದಾ ಬಂದೋಬಸ್ತಿಗೆ ನಿಂತಿದ್ದ ಇನ್ಸ್‌ಪೆಕ್ಟರರ ಹತ್ತಿರ ಓಡಿದ.

"ಇಲ್ಲಿ ಬೆಂಕಿ ಬೇಡ ಸಾರ್. ಸುತ್ತ ಅಂಗಡಿಗಳು, ಗಾಳಿ ಬೇರೆ ಬೀಸ್ತಿದೆ. ಸೇತುವೆ ಆಚೆಗೆ ಕಳಿಸಿಬಿಡಿ."

ಇನ್ಸ್‌ಪೆಕ್ಟರರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕ್ಯಾಮೆರಾ ಇರುವಾಗ ಪ್ರತಿಕೃತಿಗೆ ಕೈ ಹಾಕಬಾರದೆಂದು ಅವರಿಗೆ ಮೇಲಿನಿಂದ ಫೋನು ಬಂದಿತ್ತು. ಆದರೆ ಅವರ ತಲೆ ಬೇರೆ ಕಡೆ ಓಡಿತು.

"ನಿನ್ನ ಅಂಗಡೀನೂ ಇಲ್ಲೇ ಅಲ್ವಾ? ಅಟ್ಟದಲ್ಲಿ ಏನಿಟ್ಟಿದ್ದೀಯ, ಇಷ್ಟು ಬೆವರ್ತಿದ್ದೀಯಲ್ಲ?"

ಇಬ್ಬರು ಕಾನ್‌ಸ್ಟೇಬಲ್‌ಗಳು ಅಂಗಡಿಗೆ ನುಗ್ಗಿದರು. ಏಣಿ ಇಟ್ಟ ಸದ್ದು, ಹಲಗೆ ಕಿತ್ತ ಸದ್ದು. ದರ್ಜಿ ಅತ್ತ ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ಡಬ್ಬದ ಮೇಲೇ ನೆಟ್ಟಿತ್ತು. ನಾಟಕ ಚೆನ್ನಾಗಿ ಆಡುತ್ತಾನೆ ಎಂದುಕೊಂಡರು ಇನ್ಸ್‌ಪೆಕ್ಟರರು.

ಕಾನ್‌ಸ್ಟೇಬಲ್‌ಗಳು ಮೈತುಂಬ ಧೂಳು ಮೆತ್ತಿಕೊಂಡು ಹೊರಬಂದರು. ಗೊಂಬೆಗೆ ತುಂಬುವ ಹುಲ್ಲು ಮೂರು ಮೂಟೆ, ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ ಇದೆ, ಬೇರೆ ನರಪಿಳ್ಳೆಯೂ ಇಲ್ಲ ಎಂದರು. ಇನ್ಸ್‌ಪೆಕ್ಟರರ ಮುಖ ಸಪ್ಪಗಾಯಿತು. ಹೋಗಯ್ಯಾ, ಸುಡಲಿ ಬಿಡು, ಎರಡು ನಿಮಿಷದ ಕೆಲಸ ಎಂದು ಕೈ ಬೀಸಿದರು.

ಧ್ವನಿವರ್ಧಕ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಪಕ್ಕದವನ ಮಾತೂ ಕೇಳಿಸದು. ಶಿಷ್ಯ ಡಬ್ಬವನ್ನು ಮಂತ್ರಿಯ ನೆತ್ತಿಯ ಮೇಲೆ ಬಗ್ಗಿಸಿದ. ಕಾಗದದ ಮುಖ ಒಮ್ಮೆ ಅತ್ತಿತ್ತ ಅಲುಗಿತು. ಮಂತ್ರಿಗೆ ನಡುಕ ಹತ್ತಿತು ಎಂದು ಯಾರೋ ಕಿರುಚಿದರು, ಜನ ಹೋ ಎಂದು ನಕ್ಕರು. ದರ್ಜಿ ಗಾಡಿಯ ಮೇಲೆ ಹಾರಿಬಿದ್ದ. ನಾಲ್ಕು ಜನ ಅವನ ಅಂಗಿ ಹಿಡಿದು ಎಳೆದು ಆಚೆ ದಬ್ಬಿದರು. ಕಷ್ಟಪಟ್ಟು ಮಾಡಿದ್ದಾನಲ್ಲ, ಸುಡೋಕೆ ಮನಸ್ಸು ಬರ್ತಿಲ್ಲ ಎಂದು ಮೈಕಾಸುರ ಕ್ಯಾಮೆರಾದತ್ತ ನಕ್ಕ.

ಮೊದಲ ಬೆಂಕಿಕಡ್ಡಿ ಮುರಿಯಿತು. ಮೈಕಾಸುರ ಎರಡನೆಯದನ್ನು ತೆಗೆದ.

ದರ್ಜಿ ಬಿದ್ದಲ್ಲಿಂದಲೇ ತೆವಳಿ ಇನ್ಸ್‌ಪೆಕ್ಟರರ ಬೂಟು ತಬ್ಬಿ ಹಿಡಿದ. ಈ ಗದ್ದಲದಲ್ಲಿ ಜನ ಕೇಳುವುದಿದ್ದರೆ ಅವರ ಕೊರಳಿನ ಸೀಟಿಯನ್ನು ಮಾತ್ರ. ಹೇಳಿದರೆ ಮುಂದೇನೆಂದು ಅವನಿಗೆ ಗೊತ್ತಿತ್ತು. ಮಗನ ಆ ಗೆಳೆಯನ ಹೆಣಕ್ಕೆ ಇವನೇ ಹೆಗಲು ಕೊಟ್ಟಿದ್ದ. ಆದರೂ ಕೂಗಿ ಹೇಳಿದ.

"ಸೀಟಿ ಊದಿ ಸಾರ್. ನನ್ನ ಮಗನ್ನ ನಿಮಗೇ ಒಪ್ಪಿಸ್ತೀನಿ. ಆ ಕುರ್ಚಿ ಮೇಲೆ ಕೂತಿರೋನು ಅವನೇ."