ಜಾರುವ ಪಿನ್ನು

ಪಿನ್ನು ಮತ್ತೆ ಜಾರಿತ್ತು.

ಪಿಯಾನೋ ಶ್ರುತಿ ಮಾಡುವ ಮೇಸ್ತ್ರಿ ಬಲತುದಿಯ ಸ್ವರ ಒತ್ತಿದ, ಮುಖ ಕಪ್ಪಿಟ್ಟಿತು. ಸ್ವರ ಇಳಿದಿತ್ತು. ತಂತಿ ಸುತ್ತುವ ಆ ಪಿನ್ನನ್ನು ಬೆಳಿಗ್ಗೆಯಷ್ಟೇ ಬದಲಿಸಿದ್ದ. ಹಳೇ ಪಿಯಾನೋ, ಮರ ಸವೆದಿರಬೇಕೆಂದು ತುಸು ದಪ್ಪನೆಯದನ್ನೇ ಬಡಿದು ಕೂರಿಸಿದ್ದ. ಈಗ ಶ್ರುತಿ ಕೀಲಿ ಹಾಕಿ ತಿರುಗಿಸಿದರೆ ತೋಳು ನೋಯುವಷ್ಟು ಬಿಗಿ. ಇಷ್ಟು ಬಿಗಿಯಾದದ್ದು ತಾನಾಗಿ ಜಾರುವುದುಂಟೇ? ಯಾರೋ ತಿರುಗಿಸಿದ್ದಾರೆ. ಯಾರೋ ಏನು ಬಂತು, ಸಭಾಂಗಣದಲ್ಲಿ ಇದ್ದವರೇ ಇಬ್ಬರು: ತಾನು, ತನ್ನ ಅಳಿಯ.

ಕಿವಿ ಚುರುಕಾಗಿದೆ, ಕೆಲಸ ಕಲಿಯಲಿ ಎಂದು ಮಗಳೇ ಹಟ ಹಿಡಿದು ಗಂಡನನ್ನು ಅಪ್ಪನ ಬೆನ್ನಿಗೆ ಅಂಟಿಸಿದ್ದಳು. ಹುಡುಗನ ಬಾಯಲ್ಲಿ ಸದಾ "ಮಾವ, ಮಾವ" ಎಂಬ ಬೆಣ್ಣೆ. ಆದರೆ ಪ್ರತಿ ಮನೆಯಲ್ಲೂ "ನೀವು ನಡೀತಿರಿ, ಸಾಮಾನು ಕಟ್ಕೊಂಡು ಬರ್ತೀನಿ" ಎಂದು ಹಿಂದೆ ಉಳಿಯುತ್ತಿದ್ದ. ಏಕೆಂದು ಈಗ ಹೊಳೆಯಿತು. ಮಾವನ ಹೆಸರು ಕೆಡಿಸಿ ಗಿರಾಕಿಗಳನ್ನು ಬುಟ್ಟಿಗೆ ಹಾಕಿಕೊಳ್ಳುವ ಹುನ್ನಾರ! ಗಿರಾಕಿಗಳು ಇನ್ನೂ ಮೇಸ್ತ್ರಿಯನ್ನು ಹೊಗಳುತ್ತಲೇ ಇದ್ದರು, ಆ ಮಾತು ಬೇರೆ.

ಸಂಜೆ ಇಲ್ಲಿ ಸಂಗೀತ ಕಾರ್ಯಕ್ರಮ. ಸ್ವರ ತಪ್ಪಿದರೆ ಸಭಾಂಗಣದ ಕೆಲಸ ಕೈತಪ್ಪುತ್ತದೆ, ಆಮೇಲೆ ಊರಲ್ಲಿ ಯಾರೂ ಕರೆಯುವುದಿಲ್ಲ. ಈ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಬಾರದು. 

ಸ್ವರವನ್ನು ಏರಿಸಿದ. ಮನಸ್ಸಿಗೆ ಒಪ್ಪುವವರೆಗೂ ಒತ್ತಿ ಒತ್ತಿ ಕೇಳಿದ.

"ಕಾಫಿ ಕುಡಿದು ಬರ್ತೀನಿ. ಯಾರೂ ಇದನ್ನ ಮುಟ್ಟಬಾರದು," ಎಂದು ಅಳಿಯನನ್ನೇ ದುರುಗುಟ್ಟಿ ನೋಡಿದ.

"ನಾನಿದ್ದೀನಲ್ಲ ಮಾವ, ನೋಡ್ಕೋತೀನಿ."

ನೋಡ್ಕೋತಾನಂತೆ! ಮೇಸ್ತ್ರಿ ದಡಾರನೆ ಬಾಗಿಲೆಳೆದು ಹೊರಟವನು, ಬೆಕ್ಕಿನ ಹೆಜ್ಜೆಯಲ್ಲಿ ಪಕ್ಕದ ಬಾಗಿಲಿನಿಂದ ಬಂದು ಪರದೆಯ ಹಿಂದೆ ನಿಂತ. ಅಳಿಯ ಅತ್ತಿತ್ತ ನೋಡಿದ. ಕೀಲಿ ಎತ್ತಿಕೊಂಡ. ಅದೇ ಪಿನ್ನಿಗೆ ಹಾಕಿ ತಿರುಗಿಸಿದ.

"ನನ್ನ ಹೊಟ್ಟೆ ಮೇಲೇ ಹೊಡೀತೀಯೇನೋ?" ಮೇಸ್ತ್ರಿ ಪರದೆ ಸರಿಸಿ ನುಗ್ಗಿದ.

ಅಳಿಯನ ಕೈ ಅಲ್ಲೇ ನಿಂತಿತು. ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ಅವನ ಕಣ್ಣು ತುಂಬಿದ್ದು ಕಂಡು ಮೇಸ್ತ್ರಿಯ ಸಿಟ್ಟು ನೆತ್ತಿಗೇರಿತು.

"ಬಾಯಿ ಬಿಡು! ಯಾವಾಗಿಂದ ನಡೀತಿದೆ ಇದು?"

"ಒಂದು ವರ್ಷ ಆಯ್ತು. ಹೇಳಬೇಡಿ ಅಂತ ನಿಮ್ಮ ಮಗಳು ಆಣೆ ಹಾಕಿಸ್ಕೊಂಡಿದಾಳೆ."

"ಏನನ್ನ?"

"ಯಾವ ಪಿನ್ನೂ ಜಾರಿಲ್ಲ ಮಾವ. ನಿಮ್ಮ ಕಿವಿಗೆ ಮೇಲಿನ ಸ್ವರಗಳು ಇಳಿದು ಕೇಳ್ತಿವೆ, ನೀವು ಏರಿಸಿ ಹೋದದ್ದನ್ನೆಲ್ಲ ನಾನು ಹಿಂದಿನಿಂದ ಸರಿ ಮಾಡ್ತಾ ಬಂದಿದ್ದೀನಿ."