ಬಾಗಿಲ ಹಿಂದಿನ ದನಿ

ಪರದೆಯ ಕೆಳಸಾಲಿನ ಕೊನೆಯ ಚೌಕದಲ್ಲಿದ್ದ ಹುಡುಗಿ ಮತ್ತೆ ತಲೆ ವಾಲಿಸಿದಳು. ಯಾರದೋ ಮಾತಿಗೆ ಕಿವಿಗೊಟ್ಟವಳಂತೆ ಒಂದು ಕ್ಷಣ ತಡೆದಳು. ಆಮೇಲೆ ಉತ್ತರ ಗುರುತಿಸಿದಳು. ತುಟಿಯಂಚಿನಲ್ಲಿ ಸಣ್ಣ ನಗು.

ಮೇಲ್ವಿಚಾರಕಿ ಕೈಯಲ್ಲಿದ್ದ ಬಿಸ್ಕತ್ತು ಕೆಳಗಿಟ್ಟಳು. ಕಳ್ಳಿ ಸಿಕ್ಕಿಬಿದ್ದಳು.

ಆನ್‌ಲೈನ್ ಪರೀಕ್ಷೆ ಬರೆಯುವವರನ್ನು ಕಚೇರಿಯಲ್ಲಿ ಕೂತು ಕಾಯುವುದು ಅವಳ ಕೆಲಸ. ಒಂದೊಂದು ಚೌಕದಲ್ಲಿ ಒಂದೊಂದು ಮನೆ, ಒಂದೊಂದು ಮುಖ. ಪಕ್ಕದಲ್ಲೇ ಆ ಮುಖ ಓದುತ್ತಿರುವ ಪ್ರಶ್ನೆ. ಹಿಂದೆ ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಶಾಲೆ ಮುಚ್ಚಿತು, ಇದು ಸಿಕ್ಕಿತು. ಮೊದಮೊದಲು ಯಾರನ್ನಾದರೂ ಹೊರಹಾಕಿದ ದಿನ ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಈಗ ಊಟವೂ ಸೇರುತ್ತದೆ, ನಿದ್ದೆಯೂ ಬರುತ್ತದೆ. ಧಾರಾವಾಹಿ ನೋಡುವಾಗಲೂ "ಅವನನ್ನ ನಂಬಬೇಡ ಕಣೇ" ಎಂದು ಟೀವಿಗೆ ಹೇಳಿಕೊಡುತ್ತಾಳೆಂದು ಮಗಳು ಗೇಲಿ ಮಾಡುತ್ತಾಳೆ. ತಾನು ಹಾಗೆ ಹೇಳಿದ್ದೇ ಅವಳಿಗೆ ನೆನಪಿರುವುದಿಲ್ಲ.

ಬೆಳಿಗ್ಗೆ ಎಲ್ಲರ ಗುರುತಿನ ಚೀಟಿ ನೋಡಿ ಮುಗಿಸಿ, ಕೊನೆಗೆ ಈ ಹುಡುಗಿಯ ಸರದಿ ಬಂದಾಗ ಯಾರೂ ಕೇಳದೆಯೇ ಅವಳು ಬಾಯಿಬಿಟ್ಟಿದ್ದಳು.

"ಆಸ್ಪತ್ರೇಲಿ ಆಯಾ ಕೆಲಸ ಮೇಡಂ. ಇದೇ ಕೊನೇ ಅವಕಾಶ. ಪಾಸಾದ್ರೆ ನರ್ಸ್. ಇಲ್ಲಾಂದ್ರೆ ಜನ್ಮವಿಡೀ ನೆಲ ಒರೆಸೋದೇ."

"ಇಯರ್‌ಬಡ್ ಹಾಕೋ ಹಾಗಿಲ್ಲ. ಲ್ಯಾಪ್‌ಟಾಪ್ ಸ್ಪೀಕರ್ ಆನ್ ಇರಲಿ, ನಾನು ಕರೆದ್ರೆ ಕೇಳಿಸ್ಬೇಕು."

ಅಷ್ಟು ಹೇಳಿ ಮೇಲ್ವಿಚಾರಕಿ ಬಾಯಿಯ ಮುಂದಿದ್ದ ಮೈಕ್ ಕಡ್ಡಿಯನ್ನು ಎಂದಿನಂತೆ ಹಣೆಯತ್ತ ಮಡಚಿದ್ದಳು. ಹೆಡ್‌ಸೆಟ್ ಹೊಸದು, ಇವತ್ತೇ ಬಂದದ್ದು, ಕಿವಿಗೆ ಮೆತ್ತಗಿತ್ತು. ಕುರ್ಚಿ ಮಾತ್ರ ಅದೇ ಹಳೆಯದು. ಇದಕ್ಕಿಷ್ಟು ಎಣ್ಣೆ ಬಿಡಯ್ಯಾ ಎಂದು ವೈರಣ್ಣನಿಗೆ ಹೇಳಿ ಹೇಳಿ ಸಾಕಾಗಿತ್ತು. ಕಚೇರಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಆಸಾಮಿಗೆ ಎಲ್ಲರೂ ಸೇರಿ ಇಟ್ಟ ಹೆಸರು ವೈರಣ್ಣ.

ತಾನಾಗಿ ಮಾತಾಡಿಸುವಾಗ ಬಿಟ್ಟರೆ ಚೌಕಗಳ ಸದ್ದು ನೇರವಾಗಿ ಅವಳಿಗೆ ಕೇಳಿಸುವುದಿಲ್ಲ. ಎಲ್ಲರದ್ದೂ ಒಟ್ಟಿಗೆ ಕೇಳಿಸಿದರೆ ತಲೆ ಚಿಟ್ಟು ಹಿಡಿಯುತ್ತದೆ. ಅನುಮಾನ ಬಂದವರದ್ದನ್ನು ಮಾತ್ರ ಹಿಂದಕ್ಕೆ ಹೋಗಿ, ರೆಕಾರ್ಡ್ ಆದದ್ದನ್ನು ಕೇಳಬೇಕು. ಕೇಳಿದಳು.

ಕೋಣೆಯಲ್ಲಿ ಇನ್ನೊಬ್ಬ ಹೆಂಗಸಿನ ದನಿ ಇತ್ತು. ಸಣ್ಣಗೆ, ತಗಡಿನ ಡಬ್ಬಿಯೊಳಗಿಂದ ಬಂದಂತೆ.

"ಮೊದ್ಲು ಉಸಿರಾಟ ನೋಡ್ಬೇಕು, ಆಮೇಲೆ ಮಿಕ್ಕಿದ್ದು... ಹ್ಞಾ, ಎರಡನೇದು." ಸ್ವಲ್ಪ ಬಿಟ್ಟು, "ಅಯ್ಯೋ, ಅದಲ್ಲ ಕಣೇ."

ಉತ್ತರಗಳೆಲ್ಲ ಸರಿ. ಹೇಳಿಕೊಡುವವಳು ಬಲ್ಲವಳೇ. ಮಾತಿನ ನಡುನಡುವೆ ಕಿರ್ ಎಂಬ ಸದ್ದು. ಬಾಗಿಲು, ಅಂದುಕೊಂಡಳು ಮೇಲ್ವಿಚಾರಕಿ. ಯಾರೋ ಬಾಗಿಲ ಹಿಂದೆ ನಿಂತಿದ್ದಾರೆ.

ಮೈಕ್ ಕಡ್ಡಿ ಕೆಳಗೆಳೆದಳು.

"ಕೂದಲು ಹಿಂದಕ್ಕೆ ಸರಿಸು. ಕಿವಿ ತೋರಿಸು."

ಹುಡುಗಿ ಬೆಚ್ಚಿದಳು. ಎರಡೂ ಕಿವಿ ಖಾಲಿ.

"ಲ್ಯಾಪ್‌ಟಾಪ್ ತಿರುಗಿಸು. ಕೋಣೆ ಪೂರ್ತಿ ಕಾಣಬೇಕು."

ಹಾಸಿಗೆ ಕಂಡಿತು. ಬಟ್ಟೆ ನೇತುಹಾಕಿದ ಹಗ್ಗ ಕಂಡಿತು. ಬಾಗಿಲಿರಬೇಕಾದ ಜಾಗದಲ್ಲಿ ಮಾಸಿದ ಪರದೆಯೊಂದು ತೂಗುತ್ತಿತ್ತು. ಯಾರೂ ಇರಲಿಲ್ಲ. ಅಷ್ಟರಲ್ಲೇ ಜಾಗ ಖಾಲಿ ಮಾಡಿರಬೇಕು.

"ಹೇಳಿಕೊಡ್ತಾ ಇದ್ದದ್ದು ಯಾರು?"

ಹುಡುಗಿ ಕ್ಯಾಮೆರಾವನ್ನೇ ನೋಡಿದಳು. ಏನೋ ಕೇಳಲು ಹೊರಟು ತಡೆದಳು.

"ಮೇಡಂ, ಇದೆಲ್ಲ ರೆಕಾರ್ಡ್ ಆಗ್ತಿದ್ಯಾ?"

"ಆಗ್ತಿದೆ."

"ನಿಮ್ಮ ಮೇಲಿನವರೂ ಕೇಳ್ತಾರಾ?"

"ಕೇಳ್ತಾರೆ. ಅದಕ್ಕೇ ಹೆಸರು ಹೇಳು. ಹೇಳಿದ್ರೆ ಇನ್ನೊಂದ್ಸಲ ಬರೆಯೋಕೆ ಬಿಡಬಹುದು. ಹೇಳ್ದೇ ಇದ್ರೆ ಇಲ್ಲಿಗೇ ಮುಗೀತು."

ಹುಡುಗಿಯ ಕಣ್ಣು ತುಂಬಿತು.

"ಹೇಳಲ್ಲ ಮೇಡಂ. ನಾನಾಗಿ ಕೇಳಿರ್ಲಿಲ್ಲ. ಬೆಳಿಗ್ಗೆ ನನ್ನ ಕಷ್ಟ ಕೇಳಿಸ್ಕೊಂಡು, ಪಾಪ ಅನ್ಸಿ ಅವರೇ ಹೇಳಿಕೊಟ್ರು. ನನ್ನಿಂದ ಅವರ ಕೆಲಸಕ್ಕೆ ಕುತ್ತು ಬರಬಾರ್ದು."

ಸರಿ, ಆಸ್ಪತ್ರೆಯ ಯಾವಳೋ ನರ್ಸ್ ಇರಬೇಕು. ಮೇಲ್ವಿಚಾರಕಿಗೆ ಕುತೂಹಲವೂ ಉಳಿಯಲಿಲ್ಲ. ಕೆಂಪು ಗುಂಡಿಯ ಮೇಲೆ ಬೆರಳಿಟ್ಟಳು.

"ನೀವು ಬೇಜಾರು ಮಾಡ್ಕೋಬೇಡಿ ಮೇಡಂ," ಎಂದಳು ಹುಡುಗಿ.

ಮೇಲ್ವಿಚಾರಕಿ ಗುಂಡಿ ಒತ್ತಿದಳು. ಚೌಕ ಕಪ್ಪಾಯಿತು. ಏನಾದರೂ ಅನ್ನಿಸುತ್ತದೇನೋ ಎಂದು ಕಾದಳು. ಏನೂ ಅನ್ನಿಸಲಿಲ್ಲ. ಉಳಿದ ಬಿಸ್ಕತ್ತು ತಿಂದಳು.

ಊಟದ ಹೊತ್ತಿಗೆ ವೈರಣ್ಣ ಕೊನೆಗೂ ಎಣ್ಣೆ ಸೀಸೆ ಹಿಡಿದು ಬಂದ.

"ಹೊಸ ಹೆಡ್‌ಸೆಟ್ ಹೇಗಿದೆ ಅಕ್ಕ? ಬೆಳಿಗ್ಗೆ ಒಂದು ಹೇಳೋದೇ ಮರೆತುಬಿಟ್ಟೆ. ಹಳೇದ್ರ ಥರ ಕಡ್ಡಿ ಮೇಲೆತ್ತಿದ್ರೆ ಇದ್ರಲ್ಲಿ ಮೈಕ್ ಆಫ್ ಆಗಲ್ಲ. ವೈರ್ ಮೇಲಿರೋ ಗುಂಡೀನ ಒತ್ತಬೇಕು. ಇಲ್ಲಾಂದ್ರೆ ನೀವು ಕೊನೇಲಿ ಯಾರ ಹತ್ರ ಮಾತಾಡಿರ್ತೀರೋ, ಅವ್ರಿಗೆ ಇಲ್ಲಿನ ಮಾತೆಲ್ಲ ಕೇಳಿಸ್ತಾನೇ ಇರುತ್ತೆ."

ಮೇಲ್ವಿಚಾರಕಿ ಮೆಲ್ಲಗೆ ಹಿಂದಕ್ಕೆ ಒರಗಿದಳು.

ಕುರ್ಚಿ ಕಿರ್ ಎಂದಿತು.