ಹೆಬ್ಬೆರಳು

ಎಡಗೈಯಲ್ಲಿದ್ದ ಇಷ್ಟಲಿಂಗದ ಮೇಲೆ ಜಯಮಾಲಾಳ ಬಲಗೈ ಹೆಬ್ಬೆರಳು ಕೆಳಗಿನಿಂದ ಮೇಲಕ್ಕೆ ಸರಿಯಿತು. ಮೊಬೈಲಿನಲ್ಲಿ ಒಂದು ರೀಲ್ಸ್ ಸಾಕೆನಿಸಿ ಮುಂದಿನದಕ್ಕೆ ಹೋಗುವಾಗ ಸರಿಯುತ್ತದಲ್ಲ, ಥೇಟ್ ಹಾಗೆ. ಪಡಸಾಲೆಯಲ್ಲಿ ಚಾರ್ಜಿಗಿಟ್ಟ ಫೋನು ಆಗಷ್ಟೇ ಟಣ್ ಅಂದಿತ್ತು.

ಚಟ್ಟನೆ ಬೆರಳನ್ನು ಹಿಂದಕ್ಕೆಳೆದುಕೊಂಡಳು. ನಲವತ್ತು ವರ್ಷದ ಪೂಜೆಯಲ್ಲಿ ಅದು ಒಮ್ಮೆಯೂ ಹೀಗೆ ಮಾಡಿರಲಿಲ್ಲ. ಊಟದ ತಾಟಿನ ಮುಂದೆ ಫೋನ್ ಹಿಡಿದು ಕೂತ ಸೊಸೆಗೆ ನಿನ್ನೆಯಷ್ಟೇ, "ಕೈಗಿ ಅಂಟಿಕೊಂಡದ ಏನವ್ವಾ ಅದು?" ಎಂದು ಬೈದಿದ್ದಳು. ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ತಾನು ಎರಡೆರಡು ತಾಸು ರೀಲ್ಸ್ ನೋಡುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ತಪ್ಪಾಯ್ತು ಶಿವನೇ' ಎಂದು ಕಣ್ಣು ಮುಚ್ಚಿದಳು. ಸದ್ಯ, ಮೊಮ್ಮಗಳು ಬಿಟ್ಟರೆ ದೇವರ ಕೋಣೆಯಲ್ಲಿ ಯಾರೂ ಇರಲಿಲ್ಲ.

ಮೊಮ್ಮಗಳು ಶ್ರಾವಣಿ ಎದುರಿನ ಮಣೆಯ ಮೇಲೆ ಕೂತಿದ್ದಳು. ಎಂಟು ವರ್ಷದ ಹುಡುಗಿಗೆ ಹೋದ ಸೋಮವಾರವಷ್ಟೇ ಹುಮನಾಬಾದಿನ ಮಠದಲ್ಲಿ ಲಿಂಗದೀಕ್ಷೆ ಆಗಿತ್ತು. "ನಾ ಹ್ಯಾಂಗ ಮಾಡ್ತೀನಿ, ನೀನೂ ಹಾಂಗೇ ಮಾಡು" ಎಂದು ಜಯಮಾಲಾಳೇ ಹೇಳಿಕೊಟ್ಟಿದ್ದಳು. ಅಜ್ಜಿ ವಿಭೂತಿ ಹಚ್ಚಿದಂತೆ ಹಚ್ಚಿ, ಪತ್ರಿ ಏರಿಸಿದಂತೆ ಏರಿಸಿ, ಒಂದೊಂದಕ್ಕೂ ಯಾವ ಮಂತ್ರವೆಂದು ಕೇಳಿ ಕೇಳಿ ಕಲಿಯುತ್ತಿದ್ದಳು ಹುಡುಗಿ.

ಜಯಮಾಲಾ ಕಣ್ಣು ತೆರೆದಾಗ, ಆ ಪುಟ್ಟ ಅಂಗೈಯ ಹೊಸ ಲಿಂಗದ ಮೇಲೆ ಪುಟ್ಟ ಹೆಬ್ಬೆರಳು ಕೆಳಗಿನಿಂದ ಮೇಲಕ್ಕೆ, ಬಹಳ ಭಕ್ತಿಯಿಂದ ಸರಿಯುತ್ತಿತ್ತು.

"ಆಯಿ, ಹಿಂಗ ಸರಿಸುವಾಗ ಯಾವ ಮಂತ್ರ ಅನ್ಬೇಕು?"